ಮತದ ಲೆಕ್ಕ ಬಲ್ಲವರು ಮೇಯರ್ ಆದರೆ: ಬುಡಾಪೆಸ್ಟ್‌ನ ಕುರ್ಚಿ, ಬಳ್ಳಾರಿಯ ಕುರ್ಚಿ

ಹಂಗೆರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ 2024ರ ಜೂನ್ 9ರಂದು ಮೇಯರ್ ಚುನಾವಣೆ ನಡೆಯಿತು. ಸುಮಾರು 8 ಲಕ್ಷ ಮತ ಬಿದ್ದಿದ್ದವು. ಎಣಿಕೆ ಮುಗಿದಾಗ ಹಾಲಿ ಮೇಯರ್ ಗೆರ್ಗೆಯ್ ಕರಾಚೋನಿ ಬರೀ 324 ಮತ ಮುಂದಿದ್ದರು. ಮತದಾನಕ್ಕೆ ಎರಡೇ ದಿನ ಮೊದಲು, ಆಗ ದೇಶ ಆಳುತ್ತಿದ್ದ ಫಿದೆಸ್ ಪಕ್ಷದ ಅಭ್ಯರ್ಥಿ ಅಲೆಕ್ಸಾಂದ್ರಾ ಸೆಂತ್‌ಕಿರಾಯಿ ಕಣದಿಂದ ಹಿಂದೆ ಸರಿದು, ಕೊನೆಗೆ ಎರಡನೇ ಸ್ಥಾನಕ್ಕೆ ಬಂದ ದಾವಿದ್ ವಿತೇಜಿಗೆ ಬೆಂಬಲ ಘೋಷಿಸಿದ್ದರು. ಅಷ್ಟರಲ್ಲಿ ಮತಪತ್ರ ಅಚ್ಚಾಗಿ ಹೋಗಿತ್ತು. ಆಕೆಯ ಹೆಸರನ್ನು ಸಿಬ್ಬಂದಿ ಕೈಯಿಂದಲೇ ಹೊಡೆದು ಹಾಕಬೇಕಾಯಿತು. ತಿರಸ್ಕೃತ ಮತಗಳು 24 ಸಾವಿರ ದಾಟಿದವು. ಅವನ್ನು ಮತ್ತೊಮ್ಮೆ ನೋಡಿದಾಗ ಅಂತರ 41ಕ್ಕೆ ಕುಸಿಯಿತು. ಕೊನೆಗೆ ಸುಪ್ರೀಂ ಕೋರ್ಟ್ ಇಡೀ ನಗರದ ಮರುಎಣಿಕೆಗೆ ಆದೇಶಿಸಿತು. ಜುಲೈ ಮೊದಲ ವಾರ ಹೊರಬಿದ್ದ ಅಂತಿಮ ಅಂತರ 293.

ಇದರಲ್ಲೊಂದು ವ್ಯಂಗ್ಯವಿದೆ. ಕರಾಚೋನಿ ರಾಜಕೀಯಕ್ಕೆ ಬರುವ ಮುನ್ನ ಮಾಡುತ್ತಿದ್ದ ಕೆಲಸವೇ ಜನಾಭಿಪ್ರಾಯ ಸಮೀಕ್ಷೆ. 1,000 ಜನರನ್ನು ಸರಿಯಾಗಿ ಆರಿಸಿ ಕೇಳಿದರೆ ಉತ್ತರದಲ್ಲಿ ಶೇ 3ರಷ್ಟು ಹೆಚ್ಚುಕಡಿಮೆ ಇರುತ್ತದೆ. ಆ ತಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದರೆ 2,000 ಜನ ಸಾಲದು, 4,000 ಬೇಕು. ಇದೇ ಸೂತ್ರ ಹಿಡಿದು ಹೊರಟರೆ 293 ಮತದ ಅಂತರವನ್ನು, ಅಂದರೆ ಶೇ 0.04ನ್ನು, ಮೊದಲೇ ಹೇಳಲು ಸುಮಾರು 60 ಲಕ್ಷ ಜನರನ್ನು ಕೇಳಬೇಕಾಗುತ್ತದೆ. ಬುಡಾಪೆಸ್ಟ್‌ನ ಜನಸಂಖ್ಯೆಯೇ 17 ಲಕ್ಷದ ಆಸುಪಾಸು.

ಬಳ್ಳಾರಿಯಲ್ಲಿ ಕೂತು ಈ ಮನುಷ್ಯನ ಬಗ್ಗೆ ಓದಲು ಒಂದು ಕಾರಣವಿದೆ. ನಮ್ಮಲ್ಲಿ ಪಾಲಿಕೆ ಕೆಟ್ಟರೆ ಎಲ್ಲರೂ ಹೇಳುವುದು ಒಂದೇ ಮಾತು: ಓದಿದವರು, ತಿಳಿದವರು ಬರಬೇಕು ಸ್ವಾಮಿ. ಬುಡಾಪೆಸ್ಟ್‌ನಲ್ಲಿ ಅಂಥವರೇ ಬಂದರು. ಚುನಾವಣೆಯ ಗಣಿತವನ್ನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು, ಒಮ್ಮೆಯಲ್ಲ, ಎರಡು ಸಲ ಗೆದ್ದರು. ಆಮೇಲೆ ಏನಾಯಿತು ಎಂದು ನೋಡಿದರೆ, ಕೂತವರ ತಿಳಿವಳಿಕೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಅನಿಸುತ್ತದೆ: ಆ ಕುರ್ಚಿಗೆ ಎಷ್ಟು ದಿನ ಕೊಟ್ಟಿದ್ದಾರೆ, ದುಡ್ಡಿನ ಕೀಲಿ ಯಾರ ಬಳಿ ಇದೆ?

ಸಮೀಕ್ಷೆಯಿಂದ ಸಂಸತ್ತಿಗೆ

ಕರಾಚೋನಿ ಹುಟ್ಟಿದ್ದು 1975ರ ಜೂನ್ 11ರಂದು, ಪೂರ್ವ ಹಂಗೆರಿಯ ಫೆಹೇರ್‌ದ್ಯರ್ಮತ್ ಎಂಬ ಸಣ್ಣ ಪಟ್ಟಣದಲ್ಲಿ. ಬುಡಾಪೆಸ್ಟ್‌ನ ಎಲ್ಟೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ, ಮೆದಿಯಾನ್ ಎಂಬ ಸಮೀಕ್ಷಾ ಸಂಸ್ಥೆಯಲ್ಲಿ ಸಂಶೋಧಕರಾದರು. ಮುಂದೆ ಕೊರ್ವಿನುಸ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರಾದರು. 2010ರಲ್ಲಿ ಎಲ್‌ಎಂಪಿ ಎಂಬ ಹೊಸ ಹಸಿರು ಪಕ್ಷದಿಂದ ಸಂಸತ್ತಿಗೆ ಹೋದರು.

ಆ ವರ್ಷವೇ ವಿಕ್ಟರ್ ಒರ್ಬಾನ್ ನೇತೃತ್ವದ ಫಿದೆಸ್ ಮೂರನೇ ಎರಡರಷ್ಟು ಬಹುಮತದಿಂದ ಅಧಿಕಾರ ಹಿಡಿದು, 2011ರಲ್ಲಿ ಚುನಾವಣಾ ಕಾನೂನನ್ನೇ ಬದಲಿಸಿತು. ಮೊದಲಿದ್ದ ಎರಡನೇ ಸುತ್ತಿನ ಮತದಾನ ಹೋಯಿತು. ಕ್ಷೇತ್ರದಲ್ಲಿ ಯಾರು ಒಂದು ಮತ ಮುಂದಿರುತ್ತಾರೋ ಅವರೇ ಗೆದ್ದಂತೆ. ನಮಗಿದು ಹೊಸದೇನಲ್ಲ, 1952ರಿಂದಲೂ ಇದೇ ಪದ್ಧತಿ ನಡೆದು ಬಂದಿದೆ. ಎದುರು ಪಕ್ಷಗಳು ಮೂರು ದಿಕ್ಕಾದರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿಯ ಯಾವ ವಾರ್ಡಿನ ಕಾರ್ಯಕರ್ತನೂ ಬೆರಳ ಮೇಲೆ ಹೇಳಬಲ್ಲ. ಹಂಗೆರಿಯ ವಿರೋಧ ಪಕ್ಷಗಳಿಗೆ ಅದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. 2014ರಲ್ಲಿ ಫಿದೆಸ್ ಸುಮಾರು ಶೇ 45 ಮತ ಪಡೆದು 199ರಲ್ಲಿ 133 ಸ್ಥಾನ ಬಾಚಿಕೊಂಡಿತು.

ಕರಾಚೋನಿ ಈ ಲೆಕ್ಕವನ್ನು ಮೊದಲೇ ಹೇಳಿದವರಲ್ಲಿ ಒಬ್ಬರು. ಎಲ್ಲರೂ ಸೇರಿ ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸದಿದ್ದರೆ ಗೆಲುವಿಲ್ಲ ಎಂಬುದು ಅವರ ವಾದ. ಎಲ್‌ಎಂಪಿ ಒಪ್ಪಲಿಲ್ಲ. 2013ರಲ್ಲಿ ಪಕ್ಷ ಒಡೆಯಿತು. ಅವರು ಹೊರಬಂದು ಸಂಗಡಿಗರೊಂದಿಗೆ ಪಾರ್ಬೆಸೇದ್ ಎಂಬ ಸಣ್ಣ ಪಕ್ಷ ಕಟ್ಟಿದರು. 2014ರ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನ 14ನೇ ಜಿಲ್ಲೆ ಜುಗ್ಲೋದ ಮೇಯರ್ ಆದರು. ಬುಡಾಪೆಸ್ಟ್‌ನಲ್ಲಿ ಇಂಥ 23 ಜಿಲ್ಲೆಗಳಿವೆ, ಒಂದೊಂದಕ್ಕೂ ಜನರೇ ಆರಿಸಿದ ಮೇಯರ್ ಇದ್ದಾರೆ, ಅವರ ಮೇಲೆ ಇಡೀ ನಗರಕ್ಕೊಬ್ಬ ಮೇಯರ್. 2018ರಲ್ಲಿ ಸಮಾಜವಾದಿಗಳ ಜೊತೆಗೂಡಿ ಪ್ರಧಾನಿ ಅಭ್ಯರ್ಥಿಯಾಗಿ ನಿಂತು ಶೇ 12ರಷ್ಟು ಮತದಲ್ಲಿ ಸೋತರು. ಆ ಸೋಲು ಹೀನಾಯವೇ.

2019ರಲ್ಲಿ ಮಾತ್ರ ಲೆಕ್ಕ ಕೂಡಿಬಂತು. ಮೇಯರ್ ಚುನಾವಣೆಗೂ ಒಂದೇ ಸುತ್ತು. 2010ರಿಂದ ಕುರ್ಚಿಯಲ್ಲಿದ್ದ ಇಶ್ತ್ವಾನ್ ತರ್ಲೋಶ್ ಅವರಿಗೆ ಎದುರಾಳಿಗಳ ಮತ ಹಂಚಿಹೋಗುವುದೇ ಬಲ. ಹಾಗಾಗಿ ವಿರೋಧ ಪಕ್ಷಗಳು ಟಿಕೆಟನ್ನು ಹೈಕಮಾಂಡ್‌ನ ಕೋಣೆಯಲ್ಲಿ ತೀರ್ಮಾನಿಸದೆ ಬೀದಿಗೆ ತಂದವು. ಯಾರು ನಿಲ್ಲಬೇಕೆಂದು ನಾಗರಿಕರೇ ಮತ ಹಾಕಿ ಹೇಳಲಿ ಎಂದವು. ಇದು ಹಂಗೆರಿಯ ಮಟ್ಟಿಗೆ ಮೊದಲ ಪ್ರಯೋಗ. ವರ್ಷದ ಆರಂಭದ ಸುತ್ತಿನಲ್ಲಿ ಕರಾಚೋನಿ ಸಮಾಜವಾದಿ ಅಭ್ಯರ್ಥಿಯನ್ನು ಸೋಲಿಸಿದರು. ಜೂನ್‌ನ ಎರಡನೇ ಸುತ್ತಿನಲ್ಲಿ ಇನ್ನಿಬ್ಬರನ್ನು. ಸೋತವರು ಕಣದಿಂದ ಸರಿಯುವುದಾಗಿ ಮೊದಲೇ ಒಪ್ಪಿದ್ದರು, ಒಪ್ಪಿದಂತೆ ನಡೆದುಕೊಂಡರು. ಈ ಕೊನೆಯ ಸಾಲನ್ನು ನಮ್ಮ ಪಕ್ಷಗಳ ಬಂಡಾಯ ಅಭ್ಯರ್ಥಿಗಳು ಎರಡು ಸಲ ಓದಬಹುದು. ಅಕ್ಟೋಬರ್ 13ರಂದು ಕರಾಚೋನಿಗೆ ಶೇ 50.86, ತರ್ಲೋಶ್‌ಗೆ ಶೇ 44.1. ಅದೇ ಡಿಸೆಂಬರ್‌ನಲ್ಲಿ ಪ್ರಾಗ್, ವಾರ್ಸಾ, ಬ್ರಾಟಿಸ್ಲಾವಾ ಮೇಯರ್‌ಗಳ ಜೊತೆ ‘ಸ್ವತಂತ್ರ ನಗರಗಳ ಒಪ್ಪಂದ’ಕ್ಕೆ ಸಹಿ ಬಿತ್ತು. ವಾರ್ಸಾದ ಮೇಯರ್ ರಫಾಲ್ ತ್ರಸ್ಕೋವ್‌ಸ್ಕಿ ಕೂಡ ರಾಜ್ಯಶಾಸ್ತ್ರಜ್ಞರೇ.

ಗೆದ್ದ ಮೇಲಿನ ಪಾಡು

ಇಲ್ಲಿಂದ ಮುಂದೆ ರಾಜ್ಯಶಾಸ್ತ್ರದ ಲೆಕ್ಕ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಕೇಂದ್ರ ಸರ್ಕಾರ ವಾಹನ ತೆರಿಗೆಯಲ್ಲಿ ನಗರಗಳಿಗೆ ಸಿಗುತ್ತಿದ್ದ ಶೇ 40ರ ಪಾಲನ್ನೂ ಕಿತ್ತುಕೊಂಡಿತು. 2021ರ ಜನವರಿಯಿಂದ ಸ್ಥಳೀಯ ವ್ಯಾಪಾರ ತೆರಿಗೆಯನ್ನು ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಶೇ 2ರಿಂದ ಶೇ 1ಕ್ಕೆ ಇಳಿಸಿತು. ಬುಡಾಪೆಸ್ಟ್‌ನ ಸ್ವಂತ ಆದಾಯದ ಬೆನ್ನೆಲುಬೇ ಆ ತೆರಿಗೆ. ಮೂರನೆಯ ಪೆಟ್ಟು ‘ಐಕ್ಯತಾ ವಂತಿಗೆ’ಯ ರೂಪದಲ್ಲಿ ಬಂತು. ಉಳ್ಳ ನಗರಗಳು ಇಲ್ಲದವುಗಳಿಗಾಗಿ ಕೇಂದ್ರಕ್ಕೆ ಕೊಡಬೇಕಾದ ಹಣವಿದು, ಜಾರಿಗೆ ಬಂದದ್ದು 2017ರಲ್ಲಿ. ತತ್ವವಾಗಿ ತಪ್ಪೆನ್ನಲಾಗದು. ಆದರೆ ಬುಡಾಪೆಸ್ಟ್‌ನ ಪಾಲು 2023ರಲ್ಲಿ 58 ಶತಕೋಟಿ ಫೋರಿಂತ್ (ಹಂಗೆರಿಯ ಹಣ) ಇದ್ದದ್ದು 2025ರಲ್ಲಿ 89 ಶತಕೋಟಿಗೆ ಮುಟ್ಟಿತು. ನಗರ ಕೋರ್ಟಿಗೆ ಹೋಯಿತು. ಕೊಡುವುದಿಲ್ಲ ಎಂದು ಕೂತರೂ ಆಗದು. ಸರ್ಕಾರಿ ಖಜಾನೆ ನಗರದ ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಎಳೆದುಕೊಳ್ಳಬಹುದು, ಎಳೆದುಕೊಂಡಿದೆ ಕೂಡ.

ನಗರದ ಮಹಾಸಭೆಯ ಸ್ವರೂಪವೂ ಬದಲಾಯಿತು. ಮೊದಲ ಅವಧಿಯಲ್ಲಿ 23 ಜಿಲ್ಲಾ ಮೇಯರ್‌ಗಳು ತಾವಾಗಿಯೇ ಮಹಾಸಭೆಯ ಸದಸ್ಯರಾಗಿದ್ದರು. 2023ರ ಕೊನೆಗೆ ಸಂಸತ್ತು ಆ ನಿಯಮ ತೆಗೆದು, ಪಕ್ಷಗಳ ಪಟ್ಟಿಗೆ ಬಿದ್ದ ಮತದ ಪ್ರಮಾಣದಲ್ಲಿ ಸ್ಥಾನ ಹಂಚುವ ಪದ್ಧತಿ ತಂದಿತು. 2024ರ ಫಲಿತಾಂಶ: 33 ಸ್ಥಾನಗಳಲ್ಲಿ ಫಿದೆಸ್‌ಗೆ 10, ಹೊಸ ಪಕ್ಷ ತಿಸಾಗೆ 10, ಕರಾಚೋನಿ ಕಡೆಯ ಮೂರು ಪಕ್ಷಗಳ ಒಕ್ಕೂಟಕ್ಕೆ 7. ಮೇಯರ್‌ಗೆ ಐದು ವರ್ಷ ಖಚಿತ, ಬಹುಮತ ಮಾತ್ರ ಇಲ್ಲ. ಬಜೆಟ್ಟಿನ ಪ್ರತಿ ಸಾಲಿಗೂ ಬೇರೆಯವರ ಕೈಕಾಲು ಹಿಡಿಯಬೇಕು.

ಅವರ ರಾಜಕೀಯ ಎಡವಟ್ಟುಗಳೂ ಸಣ್ಣವಲ್ಲ. ಮೇಯರ್ ಆಗಿ ಎರಡು ವರ್ಷ ತುಂಬುವ ಮೊದಲೇ 2021ರಲ್ಲಿ ಪ್ರಧಾನಿ ಅಭ್ಯರ್ಥಿಯಾಗಲು ಹೊರಟರು. ವಿರೋಧ ಪಕ್ಷಗಳು ಅಭ್ಯರ್ಥಿ ಆರಿಸಲು ನಡೆಸಿದ ಮತದಾನದ ಮೊದಲ ಸುತ್ತಿನಲ್ಲಿ ಕ್ಲಾರಾ ದೋಬ್ರೆವ್ ನಂತರ ಎರಡನೇ ಸ್ಥಾನ ಬಂತು. ಅಕ್ಟೋಬರ್ 8ರಂದು, ಮೂರನೇ ಸ್ಥಾನದಲ್ಲಿದ್ದ ಪೇಟರ್ ಮಾರ್ಕಿ-ಜಾಯ್ ಪರವಾಗಿ ಹಿಂದೆ ಸರಿದರು. ಒರ್ಬಾನ್ ಎದುರು ಯಾರಿಗೆ ಹೆಚ್ಚು ಮತ ಬರಬಹುದು ಎಂಬ ಸಮೀಕ್ಷಕನ ಲೆಕ್ಕವದು. ಮಾರ್ಕಿ-ಜಾಯ್ ಅಭ್ಯರ್ಥಿಯೇನೋ ಆದರು, 2022ರ ಏಪ್ರಿಲ್‌ನಲ್ಲಿ ಭಾರಿ ಅಂತರದಲ್ಲಿ ಸೋತರು. ಕಣದಲ್ಲಿ ನಿಂತವನೇ ತನ್ನ ಗೆಲುವಿನ ಸಂಭವವನ್ನು ಶೇಕಡಾವಾರು ಲೆಕ್ಕ ಹಾಕುತ್ತ ಕೂತರೆ ಕಾರ್ಯಕರ್ತರು ಯಾರ ಮುಖ ನೋಡಿ ದುಡಿಯಬೇಕು? ಮೂರು ವರ್ಷದ ನಂತರ ಸ್ವಂತ ಚುನಾವಣೆ 293 ಮತಕ್ಕೆ ಬಂದು ನಿಂತದ್ದರ ಹಿಂದೆ ಈ ಅನುಮಾನದ ಪಾಲೂ ಇರಬಹುದು.

ಕೈಯಲ್ಲಿದ್ದ ಸಣ್ಣ ಅಧಿಕಾರಗಳನ್ನು ಬಳಸಿದ ರೀತಿಯಲ್ಲಿ ಮಾತ್ರ ಅವರ ಓದು ಕಾಣುತ್ತದೆ. ಚೀನಾದ ಫುದಾನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸನ್ನು ಸರ್ಕಾರ ನಗರದೊಳಗೆ ತರಲು ಹೊರಟಾಗ ಅದನ್ನು ತಡೆಯುವ ಅಧಿಕಾರ ಮೇಯರ್‌ಗೆ ಇರಲಿಲ್ಲ. ಬೀದಿಗಳ ಹೆಸರು ಬದಲಿಸುವ ಅಧಿಕಾರ ನಗರಾಡಳಿತಕ್ಕಿತ್ತು. 2021ರ ಜೂನ್‌ನಲ್ಲಿ ಆ ಜಾಗದ ಸುತ್ತಲ ರಸ್ತೆಗಳಿಗೆ ದಲೈ ಲಾಮಾ, ಸ್ವತಂತ್ರ ಹಾಂಗ್‌ಕಾಂಗ್, ಉಯಿಘರ್ ಹುತಾತ್ಮರ ಹೆಸರಿನ ಫಲಕಗಳು ಬಿದ್ದವು. ದುರಸ್ತಿಯಾದ ಚೈನ್ ಬ್ರಿಜ್ 2023ರ ಆಗಸ್ಟ್‌ನಲ್ಲಿ ಪೂರ್ತಿ ತೆರೆದಾಗ ಖಾಸಗಿ ಕಾರುಗಳಿಗೆ ಪ್ರವೇಶ ಸಿಗಲಿಲ್ಲ. ಬಸ್ಸು, ಟ್ಯಾಕ್ಸಿ, ಸೈಕಲ್‌ಗಳಿಗೆ ಸಿಕ್ಕಿತು. 2025ರ ಜನವರಿಯ ರಾಕೋಶ್‌ರೆಂದೆಜೋ ಪ್ರಕರಣ ಎಲ್ಲಕ್ಕಿಂತ ಗಟ್ಟಿ. ಹಳೆಯ ರೈಲ್ವೆ ಯಾರ್ಡಿನ ವಿಶಾಲ ಜಮೀನನ್ನು ಸರ್ಕಾರ ಯುಎಇ ಹೂಡಿಕೆದಾರರಿಗೆ ಗಗನಚುಂಬಿ ಕಟ್ಟಡ ಕಟ್ಟಲು ಮಾರಲು ಹೊರಟಿತ್ತು. ನಗರದ ಒಡೆತನದ ಒಂದು ಕಂಪನಿಗೆ ಆ ಜಮೀನನ್ನು ಮೊದಲು ಕೊಳ್ಳುವ ಹಕ್ಕು ಇತ್ತು. ನಗರ ಅದನ್ನೇ ಚಲಾಯಿಸಿ, ಸುಮಾರು 51 ಶತಕೋಟಿ ಫೋರಿಂತ್ ಬೆಲೆಗೆ, ಕಾಲುಭಾಗ ಮೊದಲ ಕಂತಾಗಿ ಕೊಟ್ಟು, ಜಮೀನನ್ನು ತನ್ನ ಹೆಸರಿಗೆ ಮಾಡಿಕೊಂಡಿತು. ಅದೇ ಜೂನ್ 28ರಂದು, ಹೊಸ ಕಾನೂನಿನಡಿ ಪೊಲೀಸರು ನಿಷೇಧಿಸಿದ್ದ, ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆಯನ್ನು ನಗರಾಡಳಿತದ ಕಾರ್ಯಕ್ರಮ ಎಂದು ಘೋಷಿಸಿ ನಡೆಸಿದರು. ಆಗಸ್ಟ್‌ನಲ್ಲಿ ಪೊಲೀಸರು ಮೇಯರ್‌ರನ್ನೇ ಶಂಕಿತ ಎಂದು ಕರೆಸಿ ವಿಚಾರಿಸಿದರು.

ಈಗ ಬಳ್ಳಾರಿ

ಬಳ್ಳಾರಿ ಪಾಲಿಕೆಯಲ್ಲಿ 39 ವಾರ್ಡ್. ಮೇಯರ್‌ರನ್ನು ಜನ ಆರಿಸುವುದಿಲ್ಲ. ಮೊದಲು ಸರ್ಕಾರ ಮೀಸಲಾತಿ ಪಟ್ಟಿ ಹೊರಡಿಸುತ್ತದೆ. ಈ ಅವಧಿಗೆ ಕುರ್ಚಿ ಸಾಮಾನ್ಯಕ್ಕೋ, ಮಹಿಳೆಗೋ, ಪರಿಶಿಷ್ಟರಿಗೋ, ಹಿಂದುಳಿದ ವರ್ಗಕ್ಕೋ ಎಂಬುದು ಅದರಲ್ಲೇ ತೀರ್ಮಾನ. ನಂತರ ಕಲಬುರಗಿಯ ಪ್ರಾದೇಶಿಕ ಆಯುಕ್ತರು ದಿನ ಗೊತ್ತುಮಾಡುತ್ತಾರೆ, ಅವರೇ ಬಂದು ಸಭೆ ನಡೆಸುತ್ತಾರೆ. ನಾಮಪತ್ರ, ಪರಿಶೀಲನೆ, ವಾಪಸಾತಿ ಮುಗಿದ ಮೇಲೆ ಸದಸ್ಯರು ಕೈ ಎತ್ತುತ್ತಾರೆ. ಕಾರ್ಪೊರೇಟರ್‌ಗಳ ಜೊತೆ ಆ ಪ್ರದೇಶದ ಶಾಸಕರು, ಸಂಸದರೂ ಮತದಾರರು. ನಗರ ಮತ್ತು ಗ್ರಾಮೀಣ ಎರಡೂ ವಿಧಾನಸಭಾ ಕ್ಷೇತ್ರಗಳಲ್ಲಿ ಪಾಲಿಕೆಯ ವಾರ್ಡ್‌ಗಳು ಇರುವುದರಿಂದ ಇಬ್ಬರು ಶಾಸಕರೂ ಲೆಕ್ಕಕ್ಕೆ ಸಿಗುತ್ತಾರೆ. ಎಲ್ಲ ಸೇರಿಸಿದರೂ ಇಪ್ಪತ್ತು ಚಿಲ್ಲರೆ ಕೈ ಮೇಲೆದ್ದರೆ ಮೇಯರ್ ಸಿದ್ಧ. ಈ ಚುನಾವಣೆಗೆ ಸಮೀಕ್ಷೆ ಬೇಕಿಲ್ಲ, ಬಸ್ಸು ಮತ್ತು ರೆಸಾರ್ಟ್ ಸಾಕು. ಪಕ್ಷಾಂತರ ತಡೆಗೆ 1987ರ ರಾಜ್ಯ ಕಾಯ್ದೆಯೇನೋ ಇದೆ. ಆದರೆ ವಿಪ್ ಉಲ್ಲಂಘಿಸಿದವರ ಸದಸ್ಯತ್ವ ರದ್ದಾಗುವಷ್ಟರಲ್ಲಿ ಆ ಮೇಯರ್‌ರ ಅವಧಿಯೇ ಮುಗಿಯುತ್ತಾ ಬಂದಿರುತ್ತದೆ.

ಅವಧಿಯ ವಿಷಯಕ್ಕೆ ಬಂದರೆ ಕುರ್ಚಿಯ ದೌರ್ಬಲ್ಯ ಕಣ್ಣಿಗೆ ರಾಚುತ್ತದೆ. 1976ರ ಪಾಲಿಕೆಗಳ ಕಾಯ್ದೆಯಡಿ ಇಲ್ಲಿ ನಡೆದು ಬಂದಿರುವುದು ಒಂದು ವರ್ಷದ ಮೇಯರ್‌ಗಿರಿ. ಇದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಬೇಕು. ಪಾಲಿಕೆಗೆ ಮತದಾನ ನಡೆದದ್ದು 2021ರ ಏಪ್ರಿಲ್ 27ರಂದು, ಕಾಂಗ್ರೆಸ್‌ಗೆ 21, ಬಿಜೆಪಿಗೆ 13, ಪಕ್ಷೇತರರಿಗೆ 5 ಸ್ಥಾನ. ಮೇಯರ್ ಆಯ್ಕೆಯಾದದ್ದು 2022ರ ಮಾರ್ಚ್‌ನಲ್ಲಿ. ಹೆಚ್ಚುಕಡಿಮೆ ಹನ್ನೊಂದು ತಿಂಗಳು ಗೆದ್ದ ಸದಸ್ಯರು ಪ್ರಮಾಣಪತ್ರ ಹಿಡಿದು ಕೂತರು, ಪಾಲಿಕೆ ಅಧಿಕಾರಿಗಳ ಕೈಯಲ್ಲೇ ನಡೆಯಿತು. ಮುಂದಿನ ಮೇಯರ್ ಡಿ. ತ್ರಿವೇಣಿ 2023ರ ಮಾರ್ಚ್ ಕೊನೆಯಲ್ಲಿ ಆಯ್ಕೆಯಾದರು, ಆಗ ಅವರಿಗೆ 23 ವರ್ಷ. ಪತ್ರಿಕೆಗಳೆಲ್ಲ ವಯಸ್ಸನ್ನೇ ಬರೆದವು. ಅದೇ ಮಾರ್ಚ್ 29ರಂದು ಚುನಾವಣಾ ಆಯೋಗ ವಿಧಾನಸಭಾ ಚುನಾವಣೆ ಪ್ರಕಟಿಸಿ ನೀತಿ ಸಂಹಿತೆ ಜಾರಿಯಾದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಮತ ಎಣಿಕೆ ಮೇ 13ಕ್ಕೆ. ಅಲ್ಲಿವರೆಗೆ ಹೊಸ ಕಾಮಗಾರಿ ಇಲ್ಲ, ಘೋಷಣೆ ಇಲ್ಲ, ಪಾಲಿಕೆ ಕಾರನ್ನು ಬೇಕೆಂದಂತೆ ಬಳಸುವಂತಿಲ್ಲ. ಹನ್ನೆರಡು ತಿಂಗಳಲ್ಲಿ ಒಂದೂವರೆ ತಿಂಗಳು ಆರಂಭದಲ್ಲೇ ಹೋಯಿತು.

ಉಳಿದ ಹತ್ತೂವರೆ ತಿಂಗಳನ್ನು ಹೀಗೆ ಲೆಕ್ಕ ಹಾಕಿ. ಬಜೆಟ್ ಫೆಬ್ರುವರಿ–ಮಾರ್ಚ್‌ನಲ್ಲಿ ಹಿಂದಿನವರ ಕಾಲಕ್ಕೆ ಪಾಸಾಗಿರುತ್ತದೆ. ಮಾರ್ಚ್ ಕೊನೆಗೆ ಬಂದವರು ಇನ್ನೊಬ್ಬರ ಬಜೆಟ್ಟಿನಲ್ಲಿ ಸಂಸಾರ ಮಾಡಬೇಕು. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂದು ನಾಲ್ಕು ಸ್ಥಾಯಿ ಸಮಿತಿಗಳಿವೆ. ಅವುಗಳ ರಚನೆಗೆ ಮತ್ತೆ ಚುನಾವಣೆ, ಮತ್ತೆ ಹಗ್ಗಜಗ್ಗಾಟ. ಸಮಿತಿ ಇಲ್ಲದೆ ಕಡತ ಮುಂದೆ ಹೋಗದು. ಮೇಯರ್‌ಗೆ ಹೊಳೆದ ಒಂದು ಚರಂಡಿ ಕಾಮಗಾರಿಗೆ ಎಂಜಿನಿಯರ್ ಅಂದಾಜುಪಟ್ಟಿ ಮಾಡಬೇಕು, ತಾಂತ್ರಿಕ ಮಂಜೂರಾತಿ ಸಿಗಬೇಕು, ಅಜೆಂಡಾಕ್ಕೆ ಬರಬೇಕು, ಸಾಮಾನ್ಯ ಸಭೆಯಲ್ಲಿ ಠರಾವಾಗಬೇಕು, ನಡಾವಳಿಗೆ ಸಹಿ ಬೀಳಬೇಕು, ಟೆಂಡರ್ ಕರೆದು ಕಾನೂನು ಹೇಳಿದಷ್ಟು ದಿನ ಕಾಯಬೇಕು, ತಾಂತ್ರಿಕ ಬಿಡ್, ಹಣಕಾಸು ಬಿಡ್ ತೆರೆದು ಕಾರ್ಯಾದೇಶ ಕೊಡಬೇಕು. ಎಲ್ಲೂ ಯಾರೂ ತಡೆಯದಿದ್ದರೂ ಆರೇಳು ತಿಂಗಳು. ಒಬ್ಬನೇ ಬಿಡ್‌ದಾರ ಬಂದು ಮರುಟೆಂಡರ್ ಆಯಿತೋ, ಗುದ್ದಲಿ ಪೂಜೆ ಮುಂದಿನ ಮೇಯರ್‌ರದ್ದು.

ಇಷ್ಟಾದರೂ ಕಡತಕ್ಕೆ ಸಹಿ ಹಾಕುವವರು ಮೇಯರ್ ಅಲ್ಲ. ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರದ್ದು. ಮೇಯರ್ ಸಭೆಯ ಅಧ್ಯಕ್ಷತೆ ವಹಿಸಬಹುದು, ಪರಿಶೀಲನೆ ಮಾಡಬಹುದು, ಠರಾವು ಜಾರಿಗೆ ನಿರ್ದೇಶನ ಕೊಡಬಹುದು. ಆಯುಕ್ತರನ್ನು ತರಲಾಗಲಿ ಕಳಿಸಲಾಗಲಿ ಆಗದು. ಬುಡಾಪೆಸ್ಟ್ ಮೇಯರ್‌ರ ಕೈಕೆಳಗೆ ಬಸ್ಸು, ಟ್ರಾಮ್, ಮೆಟ್ರೊ ಎಲ್ಲ ಇವೆ. ಬಳ್ಳಾರಿ ಮೇಯರ್ ಕೌಲ್ ಬಜಾರ್‌ನಿಂದ ಹೊರಡುವ ಸಿಟಿ ಬಸ್ಸಿನ ಒಂದು ನಿಲ್ದಾಣವನ್ನೂ ಬದಲಿಸುವಂತಿಲ್ಲ. ಅದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ಬಡಾವಣೆ ನಕ್ಷೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದ್ದು, ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದು, ದೊಡ್ಡ ನೀರಿನ ಯೋಜನೆ ನಗರ ನೀರು ಸರಬರಾಜು ಮಂಡಳಿಯದ್ದು, ಕೊಳೆಗೇರಿಗೆ ಬೇರೆ ಮಂಡಳಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಿತು. ಅಗ್ನಿಶಾಮಕ ಸೇವೆ ಬಿಟ್ಟು 17ನ್ನು ರಾಜ್ಯ ಕಾಗದದ ಮೇಲೆ ವರ್ಗಾಯಿಸಿದೆ. ಕೆಎಎಸ್ ಪರೀಕ್ಷೆಗೆ ಓದುವವರಿಗೆ ಆ ಪಟ್ಟಿ ಬಾಯಿಪಾಠ. ನಲ್ಲಿಯಲ್ಲಿ ಹತ್ತು ದಿನ ನೀರು ಬಾರದಿದ್ದಾಗ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಅದರಲ್ಲಿ ಉತ್ತರ ಸಿಗದು.

2022ರ ಮೇ ಕೊನೆಗೆ ರಾಯಚೂರಿನಲ್ಲಿ ಈ ಗೊಂದಲದ ಬೆಲೆ ಗೊತ್ತಾಯಿತು. ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯ ಕೇಂದ್ರದಲ್ಲಿ. ಶುದ್ಧೀಕರಣ ಘಟಕ, ಮೇಲ್ತೊಟ್ಟಿ, ಚರಂಡಿಯ ಪಕ್ಕದಲ್ಲೇ ಹಾಯುವ ಹಳೆಯ ಪೈಪು: ತಪ್ಪು ಎಲ್ಲಿ ಬೇಕಾದರೂ ಆಗಬಹುದು, ಅದಕ್ಕೇ ದಿನವೂ ಮೂರೂ ಕಡೆ ಮಾದರಿ ತೆಗೆದು ಉಳಿಕೆ ಕ್ಲೋರಿನ್ ನೋಡಬೇಕು. ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು. ಘಟಕದಲ್ಲಿ ಇದ್ದು ನಲ್ಲಿಯಲ್ಲಿ ಸೊನ್ನೆಯಾದರೆ ದಾರಿಯಲ್ಲಿ ಕೊಳಕು ಸೇರಿದೆ ಎಂದೇ ಅನುಮಾನಿಸಬೇಕು. ಈ ಪರೀಕ್ಷೆಯ ಕಿಟ್ ದುಬಾರಿಯೇನಲ್ಲ. ಪರೀಕ್ಷೆಯ ಫಲಿತಾಂಶ ಬರೆದಿಡುವ ಪುಸ್ತಕವನ್ನು ದಿನವೂ ತರಿಸಿ ನೋಡುವುದು ಯಾರ ಕೆಲಸ ಎಂದು ಒಬ್ಬರ ಹೆಸರಿಗೆ ಬರೆದಿರಬೇಕು, ಅಷ್ಟೆ.

ದುಡ್ಡು ಎಲ್ಲಿದೆ

ಬಳ್ಳಾರಿ ಬಡ ಜಿಲ್ಲೆಯಲ್ಲ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು, ಊರೊಳಗೆ ಜೀನ್ಸ್ ಹೊಲಿಯುವ ನೂರಾರು ಘಟಕಗಳು. ಆದರೆ ಗಣಿ ಲಾರಿಯಿಂದ ಪಾಲಿಕೆಗೆ ಸಿಗುವುದು ದೂಳು ಮಾತ್ರ. ಊರೊಳಗೆ ಬರುವ ಸರಕಿನ ಮೇಲಿದ್ದ ತೆರಿಗೆ ಆಕ್ಟ್ರಾಯ್ 1979ರಲ್ಲೇ ಹೋಯಿತು, ಜಾಹೀರಾತು ತೆರಿಗೆಯನ್ನು 2017ರಲ್ಲಿ ಜಿಎಸ್‌ಟಿ ನುಂಗಿತು. 2015ರ ನಂತರ ಗಣಿ ಕಂಪನಿಗಳು ರಾಜಧನದ ಮೇಲೆ ಶೇ 30 (ಹರಾಜಿನಲ್ಲಿ ಪಡೆದ ಗಣಿಯಾದರೆ ಶೇ 10) ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡುತ್ತವೆ. ಅದನ್ನು ಹಂಚುವ ಮಂಡಳಿಯಲ್ಲಿ ಜಿಲ್ಲಾಧಿಕಾರಿ, ಶಾಸಕರು, ಸಂಸದರ ಮಾತು ನಡೆಯುತ್ತದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಪ್ರತ್ಯೇಕ ನಿಗಮ. ಸಂವಿಧಾನದ 371ಜೆ ವಿಧಿಯಡಿ ಬರುವ ಹಣ ಕಲಬುರಗಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ, ಹೆಚ್ಚಿನದು ಶಾಸಕರ ಕ್ಷೇತ್ರದ ಲೆಕ್ಕದಲ್ಲಿ. ಊರಿನಲ್ಲಿ ದೊಡ್ಡ ಮೊತ್ತದ ಕಾಮಗಾರಿ ನಡೆಯುತ್ತಿದ್ದರೆ, ಮೇಯರ್‌ಗೆ ಅದು ಗೊತ್ತಾಗುವುದು ಆಮಂತ್ರಣ ಪತ್ರಿಕೆಯಲ್ಲಿ.

ಪಾಲಿಕೆಗೆ ಉಳಿಯುವುದು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ, ಮೇಲಿನಿಂದ ಬರುವ ರಾಜ್ಯ ಹಣಕಾಸು ಆಯೋಗ (ಎಸ್‌ಎಫ್‌ಸಿ) ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಎಸ್‌ಎಫ್‌ಸಿಯ ವಿದ್ಯುತ್ ಪಾಲು ಬೀದಿದೀಪ ಮತ್ತು ನೀರೆತ್ತುವ ಪಂಪುಗಳ ಬಿಲ್ಲಿಗೆ ಮೇಲಿನಿಂದಲೇ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೊಂದಾಣಿಕೆಯಾಗುತ್ತದೆ. ಕರಾಚೋನಿ ಕೋರ್ಟಿಗೆ ಹೋದದ್ದು ಖಾತೆಯಿಂದ ಹಣ ಎಳೆದರು ಎಂದು. ನಮ್ಮಲ್ಲಿ ಎಳೆಯುವ ಪ್ರಶ್ನೆಯೇ ಇಲ್ಲ, ಆ ಪಾಲು ಖಾತೆಗೇ ಬರುವುದಿಲ್ಲ. ಮೀಟರ್ ಕೆಟ್ಟು ಸರಾಸರಿ ಬಿಲ್ ಬರುತ್ತಿದ್ದರೂ, ಹಗಲಲ್ಲೂ ಬೀದಿದೀಪ ಉರಿಯುತ್ತಿದ್ದರೂ ಪಾಲಿಕೆ ಸಭೆಯಲ್ಲಿ ಯಾರಿಗೂ ಚುರುಕು ಮುಟ್ಟದಿರಲು ಇದೂ ಒಂದು ಕಾರಣ.

ಹಾಗೆಂದು ಮೇಯರ್ ಕೈಕಟ್ಟಿ ಕೂರಬೇಕಿಲ್ಲ. ಬೀದಿ ಫಲಕದಷ್ಟು ಸಣ್ಣ ಅಧಿಕಾರಗಳು ಇಲ್ಲೂ ಇವೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮಾರ್ಚ್ ಕೊನೆಗೆ ಕುರ್ಚಿಗೆ ಬಂದವರಿಗೆ ಮೊದಲು ಸಿಗುವ ಅವಕಾಶ ಇದೇ. ನೀತಿ ಸಂಹಿತೆ ಇದ್ದರೂ ತೆರಿಗೆ ವಸೂಲಿಗೆ ಅಡ್ಡಿಯಿಲ್ಲ. ವಾರ್ಡ್‌ವಾರು ಬಾಕಿ ಪಟ್ಟಿ, ಅದರಲ್ಲೂ ವಾಣಿಜ್ಯ ಕಟ್ಟಡವಾಗಿದ್ದು ವಾಸದ ಮನೆ ಎಂದು ಘೋಷಿಸಿಕೊಂಡವರ ಪಟ್ಟಿ ತರಿಸಿ ಸಾಮಾನ್ಯ ಸಭೆಯಲ್ಲಿ ಓದಿಸಿದರೆ ಕಂದಾಯ ಶಾಖೆ ತಾನಾಗಿ ಎದ್ದು ನಿಲ್ಲುತ್ತದೆ. ಕೆಲವು ಕಾರ್ಪೊರೇಟರ್‌ಗಳೂ ಎದ್ದು ನಿಲ್ಲುತ್ತಾರೆ, ಬೇರೆ ಕಾರಣಕ್ಕೆ.

ಪೌರಕಾರ್ಮಿಕರ ಲೆಕ್ಕವೂ ಹೀಗೇ. ರಾಜ್ಯದ ಮಾನದಂಡ 700 ಜನಕ್ಕೆ ಒಬ್ಬರು. 2011ರ ಗಣತಿಯಲ್ಲಿ ಬಳ್ಳಾರಿಯ ಜನಸಂಖ್ಯೆ 4 ಲಕ್ಷ ದಾಟಿದೆ, ಅಂದರೆ ಆಗಲೇ 570ಕ್ಕಿಂತ ಹೆಚ್ಚು ಜನ ಬೇಕಿತ್ತು. ವಾರ್ಡಿಗೆ ಸರಾಸರಿ 15. ನೇಮಕಾತಿ ಮೇಯರ್ ಕೈಯಲ್ಲಿಲ್ಲ. ಹಾಜರಾತಿ ಪುಸ್ತಕ ಹಿಡಿದು ಬೆಳಿಗ್ಗೆ 6 ಗಂಟೆಗೆ ಎರಡು ವಾರ್ಡಿಗೆ ಹೋಗಿ ತಲೆ ಎಣಿಸುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ. ಪಟ್ಟಿಯಲ್ಲಿ 15 ಇದ್ದು ಬೀದಿಯಲ್ಲಿ 9 ಇದ್ದರೆ ಉಳಿದವರು ಯಾರ ಬಂಗಲೆಯಲ್ಲಿ ಕಸ ಹೊಡೆಯುತ್ತಿದ್ದಾರೆ ಎಂದು ಹೆಲ್ತ್ ಇನ್‌ಸ್ಪೆಕ್ಟರ್ ಹೇಳಬೇಕಾಗುತ್ತದೆ.

ವಾರ್ಡ್ ಸಮಿತಿಗಳದ್ದು ಇನ್ನೊಂದು ಕಥೆ. ಮೂರು ಲಕ್ಷ ಜನಸಂಖ್ಯೆ ಮೀರಿದ ನಗರಕ್ಕೆ ಸಂವಿಧಾನದ 243ಎಸ್ ವಿಧಿಯೇ ಅವನ್ನು ಕಡ್ಡಾಯ ಮಾಡಿದೆ. ರಾಜ್ಯದ ನಿಯಮದಂತೆ ಕಾರ್ಪೊರೇಟರ್ ಅಧ್ಯಕ್ಷ, 10 ಜನ ಸದಸ್ಯರು, ಅದರಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘದವರು ಇರಲೇಬೇಕು. ತಿಂಗಳಿಗೊಂದು ಸಭೆ, ನಡಾವಳಿ. ಕಾರ್ಪೊರೇಟರ್‌ಗಳಿಗೆ ಇದು ಬೇಡದ ಮಗ್ಗುಲಮುಳ್ಳು, ಯಾರೂ ಅವಸರ ಮಾಡುವುದಿಲ್ಲ. ಸಮಿತಿ ಇದ್ದರೆ ಮೇಯರ್ ವರ್ಷಕ್ಕೊಮ್ಮೆ ಬದಲಾದರೂ ಕಾಮಗಾರಿಯ ಬೇಡಿಕೆ ಪಟ್ಟಿ ಬದಲಾಗದೆ ಉಳಿಯುತ್ತದೆ ಎಂಬುದೇ ಅದರ ದೊಡ್ಡ ಲಾಭ.

ಅಕ್ಕಪಕ್ಕದ ಎರಡು ಊರುಗಳನ್ನು ನೋಡಿದರೆ ಕಾನೂನಿನ ವಿಚಿತ್ರ ಇನ್ನಷ್ಟು ಸ್ಪಷ್ಟ. ಕೊಪ್ಪಳ ನಗರಸಭೆ, 1964ರ ಪುರಸಭೆಗಳ ಕಾಯ್ದೆಯಡಿ ಅಲ್ಲಿನ ಅಧ್ಯಕ್ಷರಿಗೆ 30 ತಿಂಗಳ ಅವಧಿ. ಬೆಂಗಳೂರಿನ ಮೇಯರ್‌ಗೂ 2020ರ ಕಾಯ್ದೆ 30 ತಿಂಗಳನ್ನೇ ಗೊತ್ತುಮಾಡಿತು. ನಡುವಿನ ಪಾಲಿಕೆಗಳಿಗೆ ಮಾತ್ರ ಒಂದು ವರ್ಷದ ಸಂಪ್ರದಾಯ. ರಾಯಚೂರು ಇತ್ತೀಚೆಗೆ ನಗರಸಭೆಯಿಂದ ಮಹಾನಗರ ಪಾಲಿಕೆಯಾಗಿ ಬಡ್ತಿ ಪಡೆಯಿತು. ಊರಿನ ಹೆಸರು ದೊಡ್ಡದಾಯಿತು, ಅಧ್ಯಕ್ಷರ ಬದಲು ಮೇಯರ್ ಬಂದರು, ಗೌನು ಬಂತು; ಹಳೆಯ ಸಂಪ್ರದಾಯವೇ ಮುಂದುವರಿದರೆ ಕುರ್ಚಿಯ ಅವಧಿ 18 ತಿಂಗಳು ಕುಗ್ಗುತ್ತದೆ. 2011ರ ಗಣತಿಯಲ್ಲಿ ರಾಯಚೂರಿನ ಜನಸಂಖ್ಯೆ 2.34 ಲಕ್ಷ. ಅದೇ ಅಂಕಿ ಹಿಡಿದರೆ 243ಎಸ್‌ನ ಕಡ್ಡಾಯ ಅಲ್ಲಿಗೆ ತಟ್ಟದು. ಹೊಸ ಗಣತಿಯ ಅಂಕಿ ಮತ್ತು ಸೇರ್ಪಡೆಯಾಗುವ ಹಳ್ಳಿಗಳ ಲೆಕ್ಕ ಬಂದಾಗ ಅದೂ ಬದಲಾಗಬಹುದು.

ರಾಯಚೂರು ಪಾಲಿಕೆಯ ಬಜೆಟ್ ಪುಸ್ತಕ ಕೈಗೆ ಸಿಕ್ಕವರು ಒಟ್ಟು ಮೊತ್ತ ಬಿಟ್ಟು ಮೂರು ಸಾಲು ಹುಡುಕಿ: ಹಿಂದಿನ ವರ್ಷ ನಿಜವಾಗಿ ವಸೂಲಾದ ಆಸ್ತಿ ತೆರಿಗೆ, ವಿದ್ಯುತ್ ಬಿಲ್ಲಿಗೆ ಮೇಲಿನಿಂದಲೇ ಹೊಂದಾಣಿಕೆಯಾದ ಮೊತ್ತ, ನೀರಿನ ಪರೀಕ್ಷೆ ಮತ್ತು ಪೈಪ್ ಬದಲಾವಣೆಗೆ ಪಾಲಿಕೆ ನಿಧಿಯಿಂದ ಇಟ್ಟ ಹಣ. ಮೂರನೆಯ ಸಾಲು ಖಾಲಿ ಇದ್ದರೆ ಸಾಮಾನ್ಯ ಸಭೆಯ ಮೊದಲ ಪ್ರಶ್ನೆ ಅದರ ಮೇಲೇ ಬರಬೇಕು, ಮೇಯರ್ ಯಾರೇ ಇರಲಿ.